ಹಿಲ್ ಫೋರ್ಟ್‌ನ ಸೊಸೆ: ರಾಜಕುಮಾರಿ ನೀಲೋಫರ್

ಹೈದರಾಬಾದಿನ ಸನತ್‌ನಗರದ ಕಾರ್ಮಿಕರ ಮನೆಗಳಲ್ಲಿ ನೀಲೋಫರ್ ಎಂದರೆ ಆಸ್ಪತ್ರೆ. ಕೈಗೂಸಿಗೆ ಜ್ವರ ಇಳಿಯದಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾದರೆ ಹಿರಿಯರ ಬಾಯಲ್ಲಿ ಬರುವ ಹೆಸರು ಅದು. ಆಸ್ಪತ್ರೆಯ ಕೆಲಸವಿಲ್ಲದವರಿಗೆ ಅದು ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತಿಗೆ ಹೆಸರಾದ ಕೆಫೆ. ಈ ಎರಡಕ್ಕೂ ಹೆಸರು ಕೊಟ್ಟ ಹೆಣ್ಣುಮಗಳು ಯಾರು ಎಂದು ಕೇಳಿದರೆ 'ಯಾರೋ ನಿಜಾಮರ ಸೊಸೆಯಂತೆ' ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ನೀಲೋಫರ್ (1916–1989) ತುರ್ಕಿಯ ಆಟೊಮನ್ ರಾಜವಂಶದ ಕುಡಿ. ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಿರಿಯ ಸೊಸೆ. ಹದಿನೈದು ತುಂಬಿದ ವಯಸ್ಸಿನಲ್ಲಿ ಮದುವೆಯಾಗಿ ಬಂದು, ಮಕ್ಕಳಿಲ್ಲದೆ, ಗಂಡ ಇನ್ನೊಂದು ಮದುವೆಯಾದದ್ದನ್ನು ಕಂಡು, 1952ರಲ್ಲಿ ವಿಚ್ಛೇದನ ಪಡೆದು ಫ್ರಾನ್ಸಿನಲ್ಲಿ ಬದುಕು ಮುಗಿಸಿದವರು. ಅವರ ಬಗ್ಗೆ ಬಂದಿರುವ ಬರಹಗಳಲ್ಲಿ ಮುಕ್ಕಾಲು ಪಾಲು ಅವರ ಚೆಲುವಿಗೇ ಮೀಸಲು. ಜಗತ್ತಿನ ಹತ್ತು ಸುಂದರಿಯರಲ್ಲಿ ಒಬ್ಬರೆಂಬ ಮಾತು ಒಂದು ಲೇಖನದಿಂದ ಇನ್ನೊಂದಕ್ಕೆ ದಾಟುತ್ತಲೇ ಇದೆ. ಚೆಲುವು ಇದ್ದದ್ದು ನಿಜ, ಚಿತ್ರಗಳೇ ಸಾಕ್ಷಿ. ಆದರೆ ಈ ಮದುವೆ ಏಕೆ ನಡೆಯಿತು, ಏಕೆ ಮುರಿಯಿತು ಎಂಬುದಕ್ಕೆ ಆ ಚೆಲುವು ಉತ್ತರ ಕೊಡುವುದಿಲ್ಲ. ಅದಕ್ಕೆ ರಾಜಕಾರಣವನ್ನೂ ಮೆಹರಿನ ಲೆಕ್ಕವನ್ನೂ ನೋಡಬೇಕು.

ಒಂದೇ ಮೆಟ್ರೊ ದಾರಿಯ ಮೂರು ಕಟ್ಟಡಗಳು

ಸನತ್‌ನಗರ ನಿಜಾಮರ ಕಾಲದ ಕೈಗಾರಿಕಾ ಪ್ರದೇಶ. 1942ರಲ್ಲಿ ನಿಜಾಮರ ಕೈಗಾರಿಕಾ ನಿಧಿಯ ಪಾಲುದಾರಿಕೆಯಲ್ಲಿ ಹುಟ್ಟಿದ ಆಲ್ವಿನ್ ಕಾರ್ಖಾನೆ ಇಲ್ಲಿತ್ತು. ಬಸ್ಸಿನ ಬಾಡಿಯಿಂದ ಫ್ರಿಜ್ಜು, ಕೈಗಡಿಯಾರದವರೆಗೆ ಅದು ತಯಾರಿಸದ ಸಾಮಾನು ಕಡಿಮೆ. ಆಲ್ವಿನ್ ಕಾರ್ಖಾನೆ ಶುರುವಾದಾಗ ನೀಲೋಫರ್ ಹೈದರಾಬಾದಿಗೆ ಬಂದು ಹತ್ತು ವರ್ಷ ಕಳೆದಿತ್ತು.

ಎರ್ರಗಡ್ಡ ಅಥವಾ ಇಎಸ್‌ಐ ಆಸ್ಪತ್ರೆ ನಿಲ್ದಾಣದಲ್ಲಿ ನಾಂಪಲ್ಲಿ ಕಡೆಯ ಮೆಟ್ರೊ ಹತ್ತಿದರೆ ಅಮೀರ್‌ಪೇಟೆ, ಪಂಜಗುಟ್ಟ ದಾಟಿ ಖೈರತಾಬಾದ್, ಲಕಡಿಕಾಪುಲ್, ಅಸೆಂಬ್ಲಿ ಸಾಲಾಗಿ ಸಿಗುತ್ತವೆ. ನಮ್ಮ ಕಥೆಯ ಮೂರು ಮುಖ್ಯ ಕಟ್ಟಡಗಳೂ ಈ ಮೂರು ನಿಲ್ದಾಣಗಳ ಆಸುಪಾಸಿನಲ್ಲಿವೆ. ಖೈರತಾಬಾದ್ ಕಡೆ, ರಾಜಭವನ ರಸ್ತೆಯಲ್ಲಿ ಬೆಲ್ಲಾ ವಿಸ್ಟಾ. ಇದು ಹಿರಿಯ ಸೊಸೆಯ ಮನೆ. ಈಗ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಇಲ್ಲಿದೆ. ಲಕಡಿಕಾಪುಲ್ ಪಕ್ಕದ ರೆಡ್ ಹಿಲ್ಸ್‌ನಲ್ಲಿ ನೀಲೋಫರ್ ಆಸ್ಪತ್ರೆ. ಅಸೆಂಬ್ಲಿಯ ಹತ್ತಿರ, ನೌಬತ್ ಪಹಾಡ್ ಬದಿಯಲ್ಲಿ ಹಿಲ್ ಫೋರ್ಟ್ ಅರಮನೆ. ಅದು ಕಿರಿಯ ಸೊಸೆ ನೀಲೋಫರ್ ಸಂಸಾರ ಮಾಡಿದ ಮನೆ.

ಇಸ್ತಾಂಬುಲ್‌ನಿಂದ ನೀಸ್‌ಗೆ

ನೀಲೋಫರ್ ಹುಟ್ಟಿದ್ದು 1916ರ ಜನವರಿ 4ರಂದು, ಇಸ್ತಾಂಬುಲ್‌ನ ಗೋಜ್ತೆಪೆ ಅರಮನೆಯಲ್ಲಿ. ತಾಯಿ ಆದಿಲೆ ಸುಲ್ತಾನ್, ಸುಲ್ತಾನ್ ಐದನೆಯ ಮುರಾದನ ಮೊಮ್ಮಗಳು. ತಂದೆ ಸಲಾಹುದ್ದೀನ್ ರಾಜವಂಶದವರಲ್ಲ, ರಾಜಕುಮಾರಿಯನ್ನು ಮದುವೆಯಾಗಿ ಅಳಿಯನ ಪದವಿ ಪಡೆದವರು. ಆಟೊಮನ್ನರ ಪದ್ಧತಿಯಲ್ಲಿ ಇಂಥ ಮಗಳಿಗೆ 'ಸುಲ್ತಾನ್' ಎಂಬ ಬಿರುದು ಸಿಗುವುದಿಲ್ಲ, 'ಹಾನಿಮ್‌ಸುಲ್ತಾನ್' ಎಂಬ ಒಂದು ಮೆಟ್ಟಿಲು ಕೆಳಗಿನ ಬಿರುದು ಸಿಗುತ್ತದೆ. ಮುಂದೆ ಹೈದರಾಬಾದಿನಲ್ಲಿ ಹಿರಿಯ ಸೊಸೆಯೊಡನೆ ಈ ಒಂದು ಮೆಟ್ಟಿಲಿನ ಅಂತರ ಹಾಗೆಯೇ ಉಳಿಯಿತು. ಹುಡುಗಿಗೆ ಎರಡು ವರ್ಷವಿದ್ದಾಗ ತಂದೆ ತೀರಿಕೊಂಡರು.

1924ರ ಮಾರ್ಚ್ 3ರಂದು ಅಂಕಾರದ ಸಂಸತ್ತು ಖಿಲಾಫತ್ತನ್ನು ರದ್ದು ಮಾಡಿ, ರಾಜವಂಶದ ಗಂಡಸರು ಹೆಂಗಸರು ಎಲ್ಲರನ್ನೂ ದೇಶದಿಂದ ಹೊರಹಾಕುವ ಕಾನೂನು ಮಾಡಿತು. ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದರನ್ನು ರೈಲು ಹತ್ತಿಸಿ ಕಳಿಸಲಾಯಿತು. ಸ್ವಿಟ್ಜರ್‌ಲೆಂಡಿನ ಮೂಲಕ ಅವರು ಫ್ರಾನ್ಸಿನ ಕಡಲತೀರದ ನೀಸ್ ಪಟ್ಟಣ ಸೇರಿದರು. ಎಂಟು ವರ್ಷದ ಮಗಳನ್ನು ಕರೆದುಕೊಂಡು ವಿಧವೆ ಆದಿಲೆಯೂ ಅಲ್ಲಿಗೇ ಬಂದರು. ಅರಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಸಂಪಾದನೆಯ ದಾರಿ ಗೊತ್ತಿರಲಿಲ್ಲ. ತಂದಿದ್ದ ಒಡವೆ ಮಾರಿಕೊಂಡು ತಿನ್ನುವುದು ನೀಸ್‌ನಲ್ಲಿದ್ದ ಅನೇಕ ಆಟೊಮನ್ ಕುಟುಂಬಗಳ ಪಾಡಾಯಿತು.

ಇಲ್ಲಿ ಹೈದರಾಬಾದ್ ಪ್ರವೇಶಿಸುತ್ತದೆ. ಖಿಲಾಫತ್ ಚಳವಳಿಯ ಮುಂದಾಳು ಮೌಲಾನಾ ಶೌಕತ್ ಅಲಿ ಮತ್ತಿತರರ ಒತ್ತಾಯದ ಮೇಲೆ ನಿಜಾಮರು ಪದಚ್ಯುತ ಖಲೀಫರಿಗೆ ತಿಂಗಳಿಗೆ 300 ಪೌಂಡ್ ಜೀವನಾಂಶ ಗೊತ್ತುಮಾಡಿದರು. ನಿಜಾಮರ ಬೊಕ್ಕಸ ತುಂಬುತ್ತಿದ್ದ ಸೀಮೆಗಳಲ್ಲಿ ನಮ್ಮ ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳೂ ಇದ್ದವೆಂಬುದನ್ನು ನಾವು ಕನ್ನಡಿಗರು ಈ ಕಥೆ ಓದುವಾಗ ಮರೆಯುವ ಹಾಗಿಲ್ಲ.

ಐವತ್ತು ಸಾವಿರ ಪೌಂಡಿನ ಮೆಹರು

ನಿಜಾಮರಿಗೆ ಹಣವಿತ್ತು. 1937ರಲ್ಲಿ 'ಟೈಮ್' ಪತ್ರಿಕೆ ಅವರನ್ನು ಜಗತ್ತಿನ ಅತಿ ಶ್ರೀಮಂತನೆಂದು ಮುಖಪುಟದಲ್ಲಿ ಹಾಕಿತು. ಖಲೀಫರಿಗೆ ಹಣವಿರಲಿಲ್ಲ, ಆದರೆ ಮುಸ್ಲಿಂ ಜಗತ್ತಿನ ಕಣ್ಣಲ್ಲಿ ಮಾಸದ ವಂಶದ ಹೆಸರಿತ್ತು, ಒಬ್ಬಳೇ ಮಗಳಿದ್ದಳು. ಆಕೆ ದುರ್ರುಶೆಹವಾರ್, 1914ರ ಜನವರಿ 26ರಂದು ಹುಟ್ಟಿದವಳು. ಆಕೆಯನ್ನು ನಿಜಾಮರ ಹಿರಿಯ ಮಗ ಆಜಂ ಜಾನಿಗೆ ತರುವ ಮಾತುಕತೆಗೆ ನಡುವೆ ನಿಂತವರು ಅದೇ ಶೌಕತ್ ಅಲಿ.

ಖಲೀಫರ ಕಡೆಯವರು ಕೇಳಿದ ಮೆಹರು 50,000 ಪೌಂಡ್. ಮೆಹರೆಂದರೆ ನಿಕಾಹ್‌ನಲ್ಲಿ ವರ ವಧುವಿಗೆ ಕೊಡಲು ಒಪ್ಪುವ ಮೊತ್ತ, ಅದು ಹೆಣ್ಣಿನ ಹಕ್ಕು. ಕೈ ಬಿಗಿಗೆ ಹೆಸರಾದ ನಿಜಾಮರಿಗೆ ಅದು ಹೆಚ್ಚೆನಿಸಿತು. ಚೌಕಾಸಿ ಮುಗಿದದ್ದು ವಿಚಿತ್ರ ರೀತಿಯಲ್ಲಿ: ಅದೇ ಮೆಹರಿಗೆ ಕಿರಿಯ ಮಗನಿಗೂ ಒಬ್ಬ ಹುಡುಗಿಯನ್ನು ಕೊಡುವುದಾಗಿ ಖಲೀಫರ ಕಡೆಯಿಂದ ಮಾತು ಬಂತು, ನಿಜಾಮರು ಒಪ್ಪಿದರು. ಹಾಗೆ ಲೆಕ್ಕಕ್ಕೆ ಸೇರಿದ ಎರಡನೆಯ ಹುಡುಗಿಯೇ ನೀಲೋಫರ್. ಹೈದರಾಬಾದಿನ ಇತಿಹಾಸ ಬರೆಯುವವರು ಈ ಪ್ರಸಂಗವನ್ನು ನಗುತ್ತಾ ಹೇಳುವುದುಂಟು. ನನಗೆ ನಗು ಬರುವುದಿಲ್ಲ. ಆ ಮನೆಯಲ್ಲಿ ಅವಳ ಸ್ಥಾನ ಏನೆಂಬುದು ಆ ದಿನವೇ ತೀರ್ಮಾನವಾಗಿತ್ತು.

1931ರ ನವೆಂಬರ್ 12ರಂದು ನೀಸ್‌ನ ವಿಲ್ಲಾ ಕಾರಬಸೆಲ್‌ನಲ್ಲಿ ಎರಡು ನಿಕಾಹ್‌ಗಳೂ ಒಂದೇ ದಿನ ನಡೆದವು. ಆಜಂ ಜಾ ಮತ್ತು ಕಿರಿಯ ಮಗ ಮೊಅಜ್ಜಮ್ ಜಾ ಇಬ್ಬರೂ 1907ರಲ್ಲೇ ಹುಟ್ಟಿದವರು, ಒಬ್ಬ ಫೆಬ್ರವರಿಯಲ್ಲಿ, ಇನ್ನೊಬ್ಬ ಡಿಸೆಂಬರಿನಲ್ಲಿ. ಮೊಅಜ್ಜಮ್ ಜಾನಿಗೆ ಇಪ್ಪತ್ನಾಲ್ಕು ತುಂಬುವುದರಲ್ಲಿತ್ತು, ನೀಲೋಫರ್‌ಗೆ ಇನ್ನೂ ಹದಿನಾರಾಗಿರಲಿಲ್ಲ.

ಡಿಸೆಂಬರಿನಲ್ಲಿ ಹೊಸ ದಂಪತಿಗಳು ಹತ್ತಿದ ಹಡಗು 'ಪಿಲ್ಸ್ನಾ'. ಎರಡನೆಯ ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳುತ್ತಿದ್ದ ಗಾಂಧೀಜಿ ಬ್ರಿಂಡಿಸಿಯಲ್ಲಿ ಹತ್ತಿದ್ದೂ ಅದೇ ಹಡಗು. ಡಿಸೆಂಬರ್ 28ರಂದು ಅದು ಮುಂಬಯಿ ಮುಟ್ಟಿತು. ಒಂದು ವಾರದಲ್ಲಿ ಗಾಂಧೀಜಿ ಬಂಧನದಲ್ಲಿದ್ದರು. ಅದೇ ದಿನ, 1932ರ ಜನವರಿ 4ರಂದು, ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಸೊಸೆಯಂದಿರನ್ನು ಬರಮಾಡಿಕೊಳ್ಳುವ ಔತಣ. ನೀಲೋಫರ್‌ಗೆ ಅವತ್ತೇ ಹದಿನಾರು ತುಂಬಿತು.

ಹಿಲ್ ಫೋರ್ಟ್ ಮತ್ತು ರಾತ್ರಿ ದರ್ಬಾರು

ಹಿಲ್ ಫೋರ್ಟ್ ಅರಮನೆಯನ್ನು 1915ರಲ್ಲಿ ಕಟ್ಟಿಸಿದ್ದು ಹೈದರಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ನಿಜಾಮತ್ ಜಂಗ್. ಆಮೇಲೆ ನಿಜಾಮರ ಕೈಸೇರಿ ಮೊಅಜ್ಜಮ್ ಜಾನ ವಾಸಕ್ಕೆ ಬಂತು. ಮೊಅಜ್ಜಮ್ ಜಾ ಆಗ ನಗರ ಸುಧಾರಣಾ ಮಂಡಳಿಯ ಅಧ್ಯಕ್ಷ. 1935ರಲ್ಲಿ ಎದ್ದ, ಇವತ್ತಿಗೂ ಜನ ಹಣ್ಣಿನ ಐಸ್‌ಕ್ರೀಮ್ ತಿನ್ನಲು ಹೋಗುವ ಮೊಜಂಜಾಹಿ ಮಾರ್ಕೆಟ್ ಅವನ ಹೆಸರಿನದೇ.

ಅವನಿಗೆ ನಿಜವಾದ ಒಲವು ಇದ್ದದ್ದು ಕವಿತೆಯಲ್ಲಿ. 'ಶಜೀ' ಎಂಬ ಕಾವ್ಯನಾಮದಲ್ಲಿ ಗಜಲ್ ಬರೆಯುತ್ತಿದ್ದ. ಹಗಲು ಮಲಗಿ ರಾತ್ರಿ ಏಳುವವನು. ಸೂರ್ಯ ಮುಳುಗಿದ ಮೇಲೆ ದರ್ಬಾರು ಶುರು, ಬೆಳಗಿನ ಜಾವದವರೆಗೂ ಮುಷಾಯರಾ, ಹಾಡು, ಊಟ, ಹರಟೆ. ಆಸ್ಥಾನಿಕರು ನಿದ್ದೆ ತಡೆದುಕೊಂಡು 'ವಾಹ್' ಅನ್ನುತ್ತಿರಬೇಕು. ಉರ್ದುವಿನ ದೊಡ್ಡ ಕವಿ ಫಾನಿ ಬದಾಯುನಿಯಂಥವರೂ ಹೊಟ್ಟೆಪಾಡಿಗೆ ಅಲ್ಲಿ ಕುಳಿತವರು. ಆ ಸಭೆಯಲ್ಲಿ ವರ್ಷಗಟ್ಟಲೆ ಇದ್ದ ಕವಿ ಸಿದ್ಕ್ ಜಾಯ್ಸಿ ಅದನ್ನೆಲ್ಲ 'ದರ್ಬಾರ್-ಎ-ದುರ್‌ಬಾರ್' ಎಂಬ ಪುಸ್ತಕವಾಗಿ ಬರೆದಿಟ್ಟಿದ್ದಾರೆ. ಹೈದರಾಬಾದಿನ ಚರಿತ್ರಕಾರ ನರೇಂದ್ರ ಲೂಥರ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ರಾಜಕುಮಾರನೊಬ್ಬನ ರಾತ್ರಿಗಳು ಹೇಗೆ ಕಳೆಯುತ್ತಿದ್ದವು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ಅಪರೂಪ.

ಇಂಥ ಮನೆಯಲ್ಲಿ ಹೆಂಡತಿಗೆ ಜಾಗ ಎಲ್ಲಿ? ಫ್ರೆಂಚ್ ಪಟ್ಟಣದಲ್ಲಿ ಬೆಳೆದ, ಹಗಲು ಓಡಾಡಲು ಬಯಸುವ ಹುಡುಗಿ ಆಕೆ. ಗಂಡನದು ಗಂಡಸರೇ ತುಂಬಿದ ರಾತ್ರಿಯ ಲೋಕ, ಅದೂ ಆಕೆಗೆ ಹೊಸತಾದ ಉರ್ದುವಿನಲ್ಲಿ. ಇಬ್ಬರ ಗಡಿಯಾರಗಳೇ ಕೂಡುತ್ತಿರಲಿಲ್ಲ.

ನೀಲೋಫರ್ ಮಾತ್ರ ಮೂಲೆ ಹಿಡಿದು ಕೂರಲಿಲ್ಲ. ಪರದೆ ಪಾಲಿಸಲಿಲ್ಲ. ಸೊಸೆಯಂದಿರಿಬ್ಬರೂ ಮುಖ ಮರೆಸದೆ ಸಾರ್ವಜನಿಕ ಸಮಾರಂಭಗಳಿಗೆ ಬರತೊಡಗಿದ್ದು ಆಗಿನ ಹೈದರಾಬಾದಿನ ಮುಸ್ಲಿಂ ಮೇಲ್ವರ್ಗದಲ್ಲಿ ದೊಡ್ಡ ಬದಲಾವಣೆ, ಮತ್ತು ಅದಕ್ಕೆ ಮಾವನ ಒಪ್ಪಿಗೆ ಇತ್ತು. ಹೊಸ ಊರಿನ ಸೀರೆಯನ್ನು ನೀಲೋಫರ್ ತನ್ನದೇ ರೀತಿಯಲ್ಲಿ ಉಟ್ಟರು. ಮುಂಬಯಿಯ ಮಾಧವದಾಸ್ ಅವರಿಂದ ಕಸೂತಿ ಹಾಕಿಸಿದ ಜಾರ್ಜೆಟ್, ಶಿಫಾನ್ ಸೀರೆಗಳು ಅವರ ಗುರುತಾದವು. ಅವುಗಳಲ್ಲಿ ಕೆಲವು ಈಗ ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಗ್ರಹದಲ್ಲಿವೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನರ್ಸ್ ತರಬೇತಿ ಪಡೆದು ಸೇವೆಗೆ ನಿಂತರು. ಮಾವನ ಅಕ್ಕರೆ ಕೊನೆಯವರೆಗೂ ಇತ್ತು. ಕೊರತೆ ಇದ್ದದ್ದು ಗಂಡನ ಕಡೆಯಿಂದ.

ಮಗುವಿಲ್ಲದ ಮನೆ

ಹಿರಿಯ ಸೊಸೆಗೆ 1933ರ ಅಕ್ಟೋಬರ್ 6ರಂದು ನೀಸ್‌ನಲ್ಲಿ ಮುಕರ್ರಂ ಜಾ ಹುಟ್ಟಿದ, 1939ರಲ್ಲಿ ಮುಫಖ್ಖಂ ಜಾ. ಹಿಲ್ ಫೋರ್ಟ್‌ನಲ್ಲಿ ತೊಟ್ಟಿಲು ತೂಗಲಿಲ್ಲ. ನೀಲೋಫರ್ ಯುರೋಪಿಗೆ ಹೋಗಿ ತಜ್ಞರನ್ನು ಕಂಡರು, ಚಿಕಿತ್ಸೆ ಮಾಡಿಸಿಕೊಂಡರು. ಪ್ರಯೋಜನವಾಗಲಿಲ್ಲ.

ರಾಜಮನೆತನದ ಮದುವೆಯಲ್ಲಿ ಸೊಸೆಯಿಂದ ಬಯಸುವುದು ಒಂದನ್ನೇ. ಉಳಿದ ಗುಣಗಳೆಲ್ಲ ಅದಾದ ಮೇಲೆ. ಈ ಮದುವೆಯಂತೂ ಆಟೊಮನ್ ರಕ್ತವನ್ನೂ ನಿಜಾಮರ ಆಸಫ್‌ಜಾಹಿ ಗದ್ದುಗೆಯನ್ನೂ ಮುಂದಿನ ಪೀಳಿಗೆಯಲ್ಲಿ ಕೂಡಿಸಲೆಂದೇ ಆದದ್ದು. ಆ ಉದ್ದೇಶವನ್ನು ದುರ್ರುಶೆಹವಾರ್ ಮದುವೆಯಾದ ಎರಡೇ ವರ್ಷದಲ್ಲಿ ಪೂರೈಸಿಬಿಟ್ಟದ್ದರಿಂದ ನೀಲೋಫರ್‌ಗೆ ಒತ್ತಡ ತಗ್ಗಬೇಕಿತ್ತು ಎಂದು ನಮಗನ್ನಿಸಬಹುದು. ಓರಗಿತ್ತಿಯರ ಸಂಸಾರ ಕಂಡ ಯಾರೂ ಹಾಗೆ ಹೇಳಲಾರರು.

1948 ಹೈದರಾಬಾದಿಗೆ ಎಂಥ ವರ್ಷವೆಂದು ಕಲ್ಯಾಣ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಸೆಪ್ಟೆಂಬರ್ 17ಕ್ಕೆ ನಿಜಾಮರ ಸೈನ್ಯ ಶರಣಾಯಿತು. ಹಿಲ್ ಫೋರ್ಟ್‌ನ ಸಂಸಾರ ಒಡೆದದ್ದೂ ಅದೇ ವರ್ಷ. ಮೊಅಜ್ಜಮ್ ಜಾ ರಜಿಯಾ ಬೇಗಂ ಎಂಬುವರನ್ನು ಮದುವೆಯಾದ. ಆ ಮದುವೆಯಿಂದ ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಧರ್ಮಶಾಸ್ತ್ರದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ನೀಲೋಫರ್ ಸವತಿಯೊಡನೆ ಬಾಳಲು ಒಪ್ಪದೆ ತಾಯಿಯಿದ್ದ ಫ್ರಾನ್ಸಿನ ದಾರಿ ಹಿಡಿದರು. 1952ರಲ್ಲಿ ವಿಚ್ಛೇದನವಾಯಿತು. ಅದೇ ವರ್ಷ ತುರ್ಕಿ ಸರಕಾರ ಆಟೊಮನ್ ವಂಶದ ಹೆಣ್ಣುಮಕ್ಕಳು ದೇಶಕ್ಕೆ ಮರಳಬಹುದೆಂದು ಕಾನೂನು ಸಡಿಲಿಸಿತು. ಗಂಡಸರಿಗೆ ಆ ಅವಕಾಶ ಸಿಗಲು 1974 ಬರಬೇಕಾಯಿತು. ನೀಲೋಫರ್ ಮಾತ್ರ ನೆಲೆ ನಿಂತದ್ದು ಪ್ಯಾರಿಸಿನಲ್ಲೇ.

ಓರಗಿತ್ತಿಯ ಪಾಡು

ಹಾಗಾದರೆ ಮಕ್ಕಳಿದ್ದಿದ್ದರೆ ನೀಲೋಫರ್ ಮದುವೆ ಸುಖವಾಗಿರುತ್ತಿತ್ತೇ? ದುರ್ರುಶೆಹವಾರ್ ಬದುಕು ನೋಡಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಎತ್ತರದ ನಿಲುವು, ಗಂಭೀರ ನಡೆ. ಆಜಂ ಜಾನಿಗಿಂತ ಸೊಸೆಯೇ ಎತ್ತರ ಎಂದು ನಿಜಾಮರು ನೆಂಟರೆದುರು ತಮಾಷೆ ಮಾಡುತ್ತಿದ್ದರೆಂಬ ಮಾತು ಊರಲ್ಲಿ ಪ್ರಚಲಿತ. ಇಬ್ಬರು ಗಂಡುಮಕ್ಕಳನ್ನು ಹೆತ್ತರು, 1936ರಿಂದ 'ಬೇರಾರಿನ ರಾಜಕುಮಾರಿ' ಎಂಬ ಬಿರುದಿತ್ತು. ಅವರ ದಾಂಪತ್ಯವೂ ಕೂಡಿಬರಲಿಲ್ಲ, ಗಂಡ ಹೆಂಡತಿ ದೂರವಾದರು. ಆಜಂ ಜಾನ ದುಂದುಗಾರಿಕೆಯಿಂದ ಬೇಸತ್ತ ನಿಜಾಮರು ಅವನನ್ನು ಬಿಟ್ಟು ಮೊಮ್ಮಗ ಮುಕರ್ರಂ ಜಾನನ್ನೇ ಉತ್ತರಾಧಿಕಾರಿ ಮಾಡಿದರು. ಆ ಮೊಮ್ಮಗನನ್ನು ಡೂನ್ ಶಾಲೆ, ಹ್ಯಾರೋ, ಕೇಂಬ್ರಿಜ್ ಎಂದು ಹೈದರಾಬಾದಿನ ಅರಮನೆ ವಾತಾವರಣದಿಂದ ದೂರವಿಟ್ಟು ಬೆಳೆಸಿದ ತಾಯಿ ಈಕೆ. ಪುರಾನಿ ಹವೇಲಿಯಲ್ಲಿ ಅವರ ಹೆಸರಿನ ಮಕ್ಕಳ ಆಸ್ಪತ್ರೆ ಇದೆ. 2006ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಇವರಿಬ್ಬರ ಬಂಧುವೊಬ್ಬಳು ಭಾರತಕ್ಕೇ ಸೊಸೆಯಾಗಿ ಬಂದಿದ್ದಳು. ಸುಲ್ತಾನ್ ಮುರಾದನ ಇನ್ನೊಬ್ಬ ಮೊಮ್ಮಗಳು ಸೆಲ್ಮಾ, 1937ರಲ್ಲಿ ಅವಧ್ ಸೀಮೆಯ ಕೋಟವಾಡಾ ರಾಜನನ್ನು ಮದುವೆಯಾಗಿ, ಅಲ್ಲಿ ಉಸಿರುಕಟ್ಟಿ, ಬಸುರಿಯಾಗಿದ್ದಾಗ ಪ್ಯಾರಿಸಿಗೆ ಹೋಗಿ, ಯುದ್ಧಕಾಲದ ಆ ಊರಿನಲ್ಲಿ ಬಡತನದಲ್ಲಿ ತೀರಿಕೊಂಡಳು. ಅವಳ ಮಗಳು ಕೆನಿಜೆ ಮುರಾದ್ 1987ರಲ್ಲಿ ಫ್ರೆಂಚಿನಲ್ಲಿ ಬರೆದ ಕಾದಂಬರಿ ಯುರೋಪಿನ ತುಂಬ ಮಾರಾಟವಾಯಿತು. ಒಂದೇ ವಂಶದ ಮೂವರು ಭಾರತದ ಮೂವರು ಗಂಡಂದಿರೊಡನೆ ಬಾಳಲಾಗದೆ ಹೋದರೆ ಅದನ್ನು ಮೂವರ ಹಣೆಬರಹ ಎನ್ನುವುದಕ್ಕಿಂತ ಇಂಥ ಸಂಬಂಧ ಕುದುರಿಸಿದ ರೀತಿಯಲ್ಲೇ ದೋಷವಿತ್ತು ಎನ್ನುವುದು ಹೆಚ್ಚು ಸರಿ.

ರತ್ನಾಗಿರಿಯ ಬರ್ಮಾ ರಾಜಕುಮಾರಿಯರು

ರಾಜ್ಯ ಕಳೆದುಕೊಂಡ ಇನ್ನೊಂದು ಮನೆತನದ ಹೆಣ್ಣುಮಕ್ಕಳೂ ನಮ್ಮ ನೆರೆಯಲ್ಲೇ ಬದುಕಿದ್ದರು. ಬರ್ಮಾದ ಕೊನೆಯ ದೊರೆ ಥೀಬಾನನ್ನು 1885ರ ನವೆಂಬರಿನಲ್ಲಿ ಬ್ರಿಟಿಷರು ಮಾಂಡಲೆಯಿಂದ ಹೊರಗೆ ಸಾಗಿಸಿ, ಮೊದಲು ಮದರಾಸಿನಲ್ಲಿ, 1886ರ ಏಪ್ರಿಲಿನಿಂದ ಕೊಂಕಣದ ರತ್ನಾಗಿರಿಯಲ್ಲಿ ಇರಿಸಿದರು.

ಬರ್ಮಾದ ಅರಮನೆಯಲ್ಲಿ ರಕ್ತ ಬೆರಕೆಯಾಗಬಾರದೆಂದು ದೊರೆ ತನ್ನ ಮಲತಾಯಿಯ ಮಕ್ಕಳನ್ನೇ ಮದುವೆಯಾಗುವ ವಾಡಿಕೆ. ಥೀಬಾನಿಗೆ ಅಕ್ಕ ಸುಪಯಾಜಿ, ತಂಗಿ ಸುಪಯಾಲತ್ ಇಬ್ಬರನ್ನೂ ಕೊಟ್ಟರು. ಹಿರಿಯವಳಾಗಿ ಪಟ್ಟದ ರಾಣಿಯಾಗಬೇಕಿದ್ದ ಸುಪಯಾಜಿ ಹೆಸರಿಗಷ್ಟೇ ಹೆಂಡತಿಯಾಗಿ ಉಳಿದಳು. ದೊರೆಯನ್ನೂ ಅರಮನೆಯನ್ನೂ ಆಳಿದವಳು ತಂಗಿ. ದೊರೆಯ ಜತೆ ದೇಶಾಂತರ ಬಂದದ್ದೂ ತಂಗಿಯೇ.

ರತ್ನಾಗಿರಿಯಲ್ಲಿ ಬೆಳೆದ ಥೀಬಾನ ನಾಲ್ವರು ಹೆಣ್ಣುಮಕ್ಕಳ ತೊಂದರೆ ಇದಕ್ಕೆ ತಿರುಗುಮುರುಗು. ಅವರಿಗೆ ತಕ್ಕ ರಾಜವಂಶದ ವರ ಸಿಗಲೇ ಇಲ್ಲ. ಹಿರಿಯವಳು ಮನೆಯ ಕಾವಲುಗಾರ, ಅದಾಗಲೇ ಮದುವೆಯಾಗಿದ್ದ ಗೋಪಾಳ ಸಾವಂತನ ಮಗುವಿಗೆ ತಾಯಿಯಾದಳು. ಎರಡನೆಯವಳು ತಂದೆಯ ಸೇವೆಯಲ್ಲಿದ್ದ ಖಿನ್ ಮಾಂಗ್ ಜಿ ಎಂಬವನ ಜತೆ ಮನೆ ಬಿಟ್ಟು ಕಾಲಿಂಪಾಂಗ್ ಸೇರಿದಳು. ಥೀಬಾ ಸತ್ತದ್ದು 1916ರ ಡಿಸೆಂಬರಿನಲ್ಲಿ, ನೀಲೋಫರ್ ಹುಟ್ಟಿದ ವರ್ಷ. ರತ್ನಾಗಿರಿಯಲ್ಲಿ ಸರಕಾರ ಕಟ್ಟಿಸಿಕೊಟ್ಟ ಥೀಬಾ ಅರಮನೆಯನ್ನು ಇಂದಿಗೂ ನೋಡಬಹುದು. ಈ ಕುಟುಂಬದ ಕಥೆಯನ್ನು ಸುಧಾ ಷಾ ತಮ್ಮ 'ದ ಕಿಂಗ್ ಇನ್ ಎಕ್ಸೈಲ್' ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ರತ್ನಾಗಿರಿಯ ಹಿರಿಯ ರಾಜಕುಮಾರಿಗೂ ಹಿಲ್ ಫೋರ್ಟ್‌ನ ಸೊಸೆಗೂ ಒಂದು ದೊಡ್ಡ ವ್ಯತ್ಯಾಸ: ಮೊದಲನೆಯವಳ ಕೈಯಲ್ಲಿ ಹಣವಿರಲಿಲ್ಲ.

ರಫತ್ ಸತ್ತ ಮೇಲೆ

ಮತ್ತೆ ಹಿಲ್ ಫೋರ್ಟ್‌ಗೆ ಬಂದರೆ, ನೀಲೋಫರ್ ಅವರ ಸೇವಕಿಯೊಬ್ಬಳ ಹೆಸರು ರಫತ್. ಹೆರಿಗೆಯಲ್ಲಿ ಅವಳು ಸತ್ತಳು. ಆಗಿನ ಹೈದರಾಬಾದಿನಲ್ಲಿ ಅದು ಸುದ್ದಿಯಾಗುವಂಥ ಸಾವಲ್ಲ. ಸೂಲಗಿತ್ತಿಯ ಕೈಯಲ್ಲಿ ಹೆರಿಗೆ ಕಷ್ಟವಾದರೆ ಬಡವರ ಮನೆಯ ಹೆಂಗಸಿಗೆ ಹೋಗಲು ಜಾಗವಿರಲಿಲ್ಲ. ನೀಲೋಫರ್‌ಗೆ ಮಾತ್ರ ಆ ಸಾವು ಬಲವಾಗಿ ತಟ್ಟಿತು. ಇನ್ನೊಬ್ಬ ರಫತ್ ಹೀಗೆ ಸಾಯಕೂಡದೆಂದು ಹಟ ಹಿಡಿದು ಮಾವನ ಮುಂದೆ ವಿಷಯವಿಟ್ಟರು. ರಾಜ್ಯ ಕೈತಪ್ಪಿದರೂ ನಿಜಾಮರ ಹತ್ತಿರ ಹಣವೂ ಮಾತಿನ ಬೆಲೆಯೂ ಉಳಿದಿತ್ತು. 1950ರಿಂದ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರು.

ರೆಡ್ ಹಿಲ್ಸ್‌ನಲ್ಲಿ ತಾಯಂದಿರಿಗೂ ಮಕ್ಕಳಿಗೂ ಮೀಸಲಾದ 100 ಹಾಸಿಗೆಗಳ ಆಸ್ಪತ್ರೆ 1953ರಲ್ಲಿ ತೆರೆಯಿತು. ಅಷ್ಟು ಹೊತ್ತಿಗೆ ವಿಚ್ಛೇದನವಾಗಿ ಒಂದು ವರ್ಷ. ಮನೆ ಬಿಟ್ಟ ಸೊಸೆಯ ಹೆಸರನ್ನು ಆಸ್ಪತ್ರೆಗೆ ಉಳಿಸಿಕೊಂಡದ್ದಕ್ಕೆ ನಿಜಾಮರನ್ನು ಮೆಚ್ಚಬೇಕು. ಎಷ್ಟೋ ಮನೆಗಳಲ್ಲಿ ಫೋಟೊಗಳಿಂದಲೇ ಅಂಥ ಸೊಸೆಯ ಮುಖ ಕತ್ತರಿಸಿ ತೆಗೆಯುತ್ತಾರೆ.

ಈಗ ಅದು ಉಸ್ಮಾನಿಯಾ ವೈದ್ಯಕೀಯ ಕಾಲೇಜಿಗೆ ಸೇರಿದ ಸರಕಾರಿ ಆಸ್ಪತ್ರೆ, ಹಾಸಿಗೆಗಳ ಸಂಖ್ಯೆ ಹಲವು ಪಟ್ಟು ಬೆಳೆದಿದೆ. ತೆಲಂಗಾಣದ ಜಿಲ್ಲೆಗಳ ವೈದ್ಯರು ಕೈಚೆಲ್ಲಿದ ಶಿಶುಗಳನ್ನು ಕೊನೆಗೆ ಕಳಿಸುವುದು ಇಲ್ಲಿಗೇ. ಹೊರಗಿನ ಕಾಲುದಾರಿಯಲ್ಲಿ ಬಾಣಂತಿಯರ ಕಡೆಯವರು ಚಾಪೆ ಹಾಸಿಕೊಂಡು ರಾತ್ರಿ ಕಳೆಯುವ ನೋಟ ಸಾಮಾನ್ಯ. ಸರಕಾರಿ ಆಸ್ಪತ್ರೆಗಳಿಗೆ ಇರುವ ಕೊರತೆಗಳೆಲ್ಲ ಇದಕ್ಕೂ ಇವೆ. ಆದರೂ ಹೈದರಾಬಾದಿನ ಬಡವರು ಮಗುವನ್ನು ಎತ್ತಿಕೊಂಡು ಓಡುವುದು ಇಲ್ಲಿಗೆ.

ಪಾನ್‌ದಾನ್ ಖರ್ಚಿನ ಮೊಕದ್ದಮೆ

ನೀಲೋಫರ್ ಹೋದ ಮೇಲೆ ಹಿಲ್ ಫೋರ್ಟ್‌ನ ಸಂಸಾರ ಕೋರ್ಟು ಹತ್ತಿತು. ಕಾನೂನು ಓದಿದವರಿಗೆ ಇದು ಚಿರಪರಿಚಿತ, ಆದರೆ ನೀಲೋಫರ್ ಕಥೆ ಹೇಳುವವರು ಇದನ್ನು ಮುಟ್ಟುವುದೇ ಇಲ್ಲ. ತಾನು 1948ರಲ್ಲಿ ರಾಜಕುಮಾರನನ್ನು ಶಾಸ್ತ್ರೋಕ್ತವಾಗಿ ಮದುವೆಯಾದವಳೆಂದು ಘೋಷಿಸಬೇಕು, ತನಗೆ ತಿಂಗಳಿಗೆ 2,000 ರೂಪಾಯಿ ಖರ್ಚ್-ಎ-ಪಾನ್‌ದಾನ್ ಬರಬೇಕು ಎಂದು 1955ರಲ್ಲಿ ರಜಿಯಾ ಬೇಗಂ ಹೈದರಾಬಾದಿನಲ್ಲಿ ದಾವೆ ಹೂಡಿದರು. ಖರ್ಚ್-ಎ-ಪಾನ್‌ದಾನ್ ಅಂದರೆ ಎಲೆಅಡಿಕೆ ಪೆಟ್ಟಿಗೆಯ ಖರ್ಚು. ಉತ್ತರದ ಮತ್ತು ಹೈದರಾಬಾದಿನ ಶ್ರೀಮಂತ ಮುಸ್ಲಿಂ ಮನೆತನಗಳಲ್ಲಿ ಮದುವೆಯ ಕರಾರಿನಲ್ಲಿ ಹೆಂಡತಿಯ ಸ್ವಂತ ಕೈಖರ್ಚಿಗೆಂದು ಬರೆಸಿಕೊಳ್ಳುತ್ತಿದ್ದ ಮೊತ್ತವದು. ಅದರ ಲೆಕ್ಕವನ್ನು ಗಂಡ ಕೇಳುವಂತಿಲ್ಲ.

ರಾಜಕುಮಾರ ಎದುರು ವಾದ ಹೂಡದೆ ಎಲ್ಲವನ್ನೂ ಒಪ್ಪಿಕೊಂಡ. ಆಗ ಅನ್ವರ್ ಬೇಗಂ ಎಂಬುವರು ತಮ್ಮ ಅಪ್ರಾಪ್ತ ಮಗನೊಡನೆ ಕೋರ್ಟಿಗೆ ಬಂದು, ಶಾಸ್ತ್ರೋಕ್ತ ಹೆಂಡತಿ ತಾನು, ಈ ಒಪ್ಪಿಗೆಯ ಹಿಂದೆ ಒಳಒಪ್ಪಂದವಿದೆ, ನಮ್ಮನ್ನೂ ಪ್ರತಿವಾದಿಗಳನ್ನಾಗಿ ಸೇರಿಸಿ ಎಂದರು. ಹಾಗೆ ಸೇರಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1958ರಲ್ಲಿ ಕೋರ್ಟು ಬಹುಮತದಿಂದ 'ಸೇರಿಸಬಹುದು' ಎಂದಿತು. ಯಾರು ಹೆಂಡತಿ, ಯಾವ ಮಗ ಔರಸ ಎಂಬ ತೀರ್ಮಾನ ಮುಂದಿನ ಪೀಳಿಗೆಯ ಹಕ್ಕುಗಳನ್ನೂ ಮುಟ್ಟುತ್ತದೆ, ಆದ್ದರಿಂದ ಅದನ್ನು ಇಬ್ಬರ ನಡುವೆಯೇ ಮುಗಿಸಬಾರದು ಎಂಬುದು ಅದರ ಕಾರಣ. 'ರಜಿಯಾ ಬೇಗಂ ವಿರುದ್ಧ ಅನ್ವರ್ ಬೇಗಂ' ಎಂಬ ಈ ತೀರ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದನೆಯ ಆದೇಶದ ಹತ್ತನೆಯ ನಿಯಮ ಓದುವಾಗ ಇಂದಿಗೂ ಬೆಂಗಳೂರು, ಧಾರವಾಡದ ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದರ ಹಿಂದಿನ ಮನೆ ಹಿಲ್ ಫೋರ್ಟ್ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೋ.

ಮೊಅಜ್ಜಮ್ ಜಾ 1987ರ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ಪ್ಯಾರಿಸಿನ ವರ್ಷಗಳು

ನೀಲೋಫರ್ ಉಳಿದ ಆಯುಷ್ಯವನ್ನು ಪ್ಯಾರಿಸಿನಲ್ಲಿ ಕಳೆದರು. 1963ರ ಫೆಬ್ರವರಿ 21ರಂದು ಅಮೆರಿಕದ ಎಡ್ವರ್ಡ್ ಪೋಪ್ ಎಂಬುವರನ್ನು ಮದುವೆಯಾದರು. ಆಗ ವಯಸ್ಸು ನಲವತ್ತೇಳು. ಈ ಮದುವೆಗೆ ಮಧ್ಯಸ್ಥರಿರಲಿಲ್ಲ, ವಂಶೋದ್ಧಾರದ ಹೊರೆಯೂ ಇರಲಿಲ್ಲ. ಅದು ಅವರ ಸಾವಿನವರೆಗೆ ಇಪ್ಪತ್ತಾರು ವರ್ಷ ಉಳಿಯಿತು, ಹೈದರಾಬಾದಿನ ದಾಂಪತ್ಯಕ್ಕಿಂತ ಐದು ವರ್ಷ ಹೆಚ್ಚು. 1989ರ ಜೂನ್ 12ರಂದು ಪ್ಯಾರಿಸಿನಲ್ಲಿ ತೀರಿಕೊಂಡ ಅವರ ಸಮಾಧಿ ಆ ನಗರದ ಹೊರವಲಯದ ಬೊಬಿನಿಯ ಮುಸ್ಲಿಂ ಸ್ಮಶಾನದಲ್ಲಿದೆ.

ಇಂದು ಏನು ಉಳಿದಿದೆ

ಹಿಲ್ ಫೋರ್ಟ್ ಅರಮನೆ ಸ್ವಾತಂತ್ರ್ಯಾನಂತರ ರಿಟ್ಜ್ ಹೋಟೆಲಾಗಿ ದಶಕಗಟ್ಟಲೆ ನಡೆಯಿತು. ಹಳೆಯ ಹೈದರಾಬಾದಿಗಳಿಗೆ ಆ ಹೆಸರೇ ಹೆಚ್ಚು ಪರಿಚಿತ. ಹೋಟೆಲು ಮುಚ್ಚಿದ ಮೇಲೆ ಬಾಗಿಲು ಹಾಕಿಕೊಂಡು ಶಿಥಿಲವಾಗುತ್ತಾ ಬಂತು, ದುರಸ್ತಿಯ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಚೌಮಹಲ್ಲಾ ಅರಮನೆ ಅದಕ್ಕಿಂತ ಅದೃಷ್ಟವಂತ. ಮುಕರ್ರಂ ಜಾನ ಮೊದಲ ಹೆಂಡತಿ, ತುರ್ಕಿಯವರೇ ಆದ ರಾಜಕುಮಾರಿ ಎಸ್ರಾ, ವಿಚ್ಛೇದನವಾಗಿ ಎಷ್ಟೋ ವರ್ಷಗಳ ಮೇಲೆ ಮರಳಿ ಬಂದು ಮುತುವರ್ಜಿಯಿಂದ ಅದನ್ನು ಸರಿಮಾಡಿಸಿದರು. ಅಲ್ಲಿಗೆ ಹೋದವರು ಗೋಡೆಯ ಮೇಲಿನ ಹಳೆಯ ಛಾಯಾಚಿತ್ರಗಳಲ್ಲಿ ಇಬ್ಬರು ಸೊಸೆಯಂದಿರನ್ನೂ ಹುಡುಕಬಹುದು.

ಆದರೆ ಇವರ ವಿಷಯದಲ್ಲಿ ಚಿತ್ರ ನೋಡಿದ್ದು ಸಾಕಾಗಿದೆ. ನೀಲೋಫರ್ ಎಂಬ ಹೆಂಗಸಿಗೆ ಏನಾಯಿತು ಎಂದು ನಿಜಕ್ಕೂ ತಿಳಿಯಬೇಕೆನ್ನುವ ಓದುಗರು ಸಿದ್ಕ್ ಜಾಯ್ಸಿಯ ಪುಸ್ತಕವನ್ನೂ 1958ರ ಆ ತೀರ್ಪನ್ನೂ ಒಟ್ಟಿಗೆ ಇಟ್ಟುಕೊಂಡು ಓದಲಿ.